ಪ್ರತಿಭಟಿಸಿದ ಆಟಗಾರರ ವೃತ್ತಿಗೆ ಏನಾಗುತ್ತದೆ, ಏಕೆ ಹಾಗಾಗುತ್ತದೆ?

2016ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್, ಪಂದ್ಯಕ್ಕೆ ಮುನ್ನ ರಾಷ್ಟ್ರಗೀತೆ ಮೊಳಗುವಾಗ ಎದ್ದು ನಿಲ್ಲದೆ ಬೆಂಚಿನ ಮೇಲೆ ಕುಳಿತೇ ಇದ್ದರು. ಕಪ್ಪು ವರ್ಣೀಯರ ಮೇಲಿನ ದಬ್ಬಾಳಿಕೆ ಮತ್ತು ಪೊಲೀಸ್ ದೌರ್ಜನ್ಯಕ್ಕೆ ಇದು ತಮ್ಮ ಪ್ರತಿಭಟನೆ ಎಂದು ಆಮೇಲೆ ತಿಳಿಸಿದರು. ಸೇನೆಯಲ್ಲಿದ್ದು ಬಂದಿದ್ದ ಆಟಗಾರ ನೇಟ್ ಬಾಯರ್ ಅವರೊಡನೆ ಚರ್ಚಿಸಿದ ಬಳಿಕ, ಸೈನಿಕರಿಗೆ ಅಗೌರವವಾಗಬಾರದೆಂದು ಸೆಪ್ಟೆಂಬರ್ 1ರಿಂದ ಕುಳಿತುಕೊಳ್ಳುವುದನ್ನು ಬಿಟ್ಟು ಒಂದು ಮಂಡಿಯೂರತೊಡಗಿದರು. ಆ ಋತು ಮುಗಿದ ಮೇಲೆ ಅವರು ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆಗ ಅವರಿಗೆ 29 ವರ್ಷ. ಲೀಗ್ ಅವರನ್ನು ನಿಷೇಧಿಸಿರಲಿಲ್ಲ, ಅಮಾನತು ಮಾಡಿರಲಿಲ್ಲ, ದಂಡವನ್ನೂ ವಿಧಿಸಿರಲಿಲ್ಲ. ಹಾಗಿದ್ದೂ ಅವರ ಆಟ ಅಲ್ಲಿಗೇ ನಿಂತಿತು.

ಆಟಗಾರರ ರಾಜಕೀಯ ಪ್ರತಿಭಟನೆ ಸುದ್ದಿಯಾದಾಗಲೆಲ್ಲ ಸಾಮಾನ್ಯ ಓದುಗರು ಕೇಳುವ ಪ್ರಶ್ನೆಗಳು ಎರಡು: ಮಾತನಾಡುವುದು ಅವರ ಹಕ್ಕಲ್ಲವೇ? ಹಕ್ಕಾಗಿದ್ದರೆ ಅವರ ವೃತ್ತಿ ಏಕೆ ಹಾಳಾಗಬೇಕು? ಎರಡಕ್ಕೂ ಉತ್ತರ ಸಿಗಬೇಕಾದರೆ ಕ್ರೀಡೆಯ ಹಿಂದೆ ಕೆಲಸ ಮಾಡುವ ಕರಾರು, ನಿಯಮ ಮತ್ತು ಆಯ್ಕೆಯ ವ್ಯವಸ್ಥೆಯನ್ನು ಮೊದಲು ಅರಿಯಬೇಕಾಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ಆಟಗಾರನಿಗೆ ಬೀಳುವ ಪೆಟ್ಟು ಶಿಕ್ಷೆಯ ರೂಪದಲ್ಲಿ ಬರುವುದೇ ಇಲ್ಲ. ಕರೆ ಬಾರದಿರುವುದು, ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲದಿರುವುದು, ಕರಾರು ಮುಂದುವರಿಯದಿರುವುದು, ಈ ರೂಪಗಳಲ್ಲಿ ಅದು ಬರುತ್ತದೆ. ಆದ್ದರಿಂದಲೇ ಅದನ್ನು ಸಾಬೀತುಪಡಿಸುವುದು ಕಷ್ಟ.

ವಾಕ್ ಸ್ವಾತಂತ್ರ್ಯ ಯಾರಿಂದ ರಕ್ಷಿಸುತ್ತದೆ?

ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯು ವಾಕ್ ಸ್ವಾತಂತ್ರ್ಯವನ್ನು ಕಾಪಾಡುತ್ತದೆ. ಆದರೆ ಅದು ಕಟ್ಟಿಹಾಕುವುದು ಸರ್ಕಾರದ ಕೈಗಳನ್ನು. ರಾಷ್ಟ್ರಗೀತೆಗೆ ನಿಲ್ಲದ ವ್ಯಕ್ತಿಯನ್ನು ಸರ್ಕಾರ ಜೈಲಿಗೆ ಹಾಕುವಂತಿಲ್ಲ, ನಿಜ. ಅದೇ ವ್ಯಕ್ತಿಯನ್ನು ಖಾಸಗಿ ಸಂಸ್ಥೆಯೊಂದು ಕೆಲಸಕ್ಕೆ ಇಟ್ಟುಕೊಳ್ಳಲೇಬೇಕೆಂದು ಆ ತಿದ್ದುಪಡಿ ಹೇಳುವುದಿಲ್ಲ. ಎನ್‌ಎಫ್‌ಎಲ್, ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಗಳಂಥ ಲೀಗ್‌ಗಳು ಖಾಸಗಿ ಸಂಸ್ಥೆಗಳು, ಅವುಗಳಲ್ಲಿ ಆಡುವ ತಂಡಗಳು ಖಾಸಗಿ ಮಾಲೀಕರ ಆಸ್ತಿಗಳು, ಆಟಗಾರರು ಆ ತಂಡಗಳ ನೌಕರರು.

ಹಾಗಾದರೆ ಆಟಗಾರನಿಗೆ ರಕ್ಷಣೆಯೇ ಇಲ್ಲವೇ? ಇದೆ, ಆದರೆ ಅದು ಬೇರೆಡೆಯಿಂದ ಬರುತ್ತದೆ. ದೊಡ್ಡ ಲೀಗ್‌ಗಳಲ್ಲಿ ಆಟಗಾರರ ಸಂಘವೂ ಲೀಗೂ ಸೇರಿ ಒಂದು ಸಾಮೂಹಿಕ ಒಪ್ಪಂದಕ್ಕೆ ಸಹಿ ಹಾಕಿರುತ್ತವೆ. ಯಾವ ತಪ್ಪಿಗೆ ಎಷ್ಟು ದಂಡ, ಅಮಾನತು ಮಾಡುವವರು ಯಾರು, ಮೇಲ್ಮನವಿಯನ್ನು ಯಾರ ಮುಂದೆ ಸಲ್ಲಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಒಬ್ಬ ಆಟಗಾರನ ಪ್ರತಿಭಟನೆಯ ಪರಿಣಾಮವನ್ನು ಊಹಿಸಬೇಕಾದರೆ ಸಂವಿಧಾನಕ್ಕಿಂತ ಮೊದಲು ಆ ಒಪ್ಪಂದದ ಒಕ್ಕಣೆಯನ್ನು ಓದಬೇಕು.

ಒಕ್ಕಣೆಯ ಒಂದು ಪದ ಎಷ್ಟು ಮುಖ್ಯವಾಗಬಹುದು ಎಂಬುದನ್ನು ಎರಡು ಲೀಗ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ರಾಷ್ಟ್ರಗೀತೆಯ ವೇಳೆ ಆಟಗಾರರು ನಿಲ್ಲಲೇಬೇಕು ಎಂಬುದು ಎನ್‌ಬಿಎ ನಿಯಮ. 1996ರ ಮಾರ್ಚ್‌ನಲ್ಲಿ ಡೆನ್ವರ್ ನಗೆಟ್ಸ್ ತಂಡದ ಮಹಮೂದ್ ಅಬ್ದುಲ್ ರವೂಫ್, ತಮ್ಮ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಗೂ ಧ್ವಜವು ದಬ್ಬಾಳಿಕೆಯ ಸಂಕೇತವೆಂಬ ಅಭಿಪ್ರಾಯದಿಂದ, ನಿಲ್ಲಲು ನಿರಾಕರಿಸಿದಾಗ ಅದೇ ನಿಯಮದ ಅಡಿಯಲ್ಲಿ ಅಮಾನತಾದರು. 2016ರಲ್ಲಿ ಎನ್‌ಎಫ್‌ಎಲ್‌ನ ಕೈಪಿಡಿಯಾದರೋ ಗೀತೆಯ ವೇಳೆ ಆಟಗಾರರು ಮೈದಾನದಲ್ಲಿರುವುದನ್ನು ಕಡ್ಡಾಯ ಮಾಡಿತ್ತು, ನಿಲ್ಲುವುದು ಅಪೇಕ್ಷಿತ ಎಂದಷ್ಟೇ ಹೇಳಿತ್ತು. ಕೇಪರ್ನಿಕ್ ಅವರಿಗೆ ಲೀಗ್ ದಂಡ ವಿಧಿಸದಿದ್ದುದರ ಹಿಂದೆ ಈ ವ್ಯತ್ಯಾಸವಿದೆ. 2018ರ ಮೇ ತಿಂಗಳಿನಲ್ಲಿ, ಮೈದಾನದಲ್ಲಿದ್ದವರು ನಿಲ್ಲಲೇಬೇಕು, ಇಷ್ಟವಿಲ್ಲದವರು ಒಳಗಿನ ಕೋಣೆಯಲ್ಲಿರಬಹುದು ಎಂದು ಎನ್‌ಎಫ್‌ಎಲ್ ನಿಯಮ ಬದಲಿಸಲು ಹೊರಟಿತು. ತಮ್ಮನ್ನು ಕೇಳದೆ ಮಾಡಿದ ಬದಲಾವಣೆ ಇದೆಂದು ಆಟಗಾರರ ಸಂಘ ದೂರಿದ ಮೇಲೆ ಜುಲೈ ತಿಂಗಳಿನಲ್ಲೇ ಅದನ್ನು ತಡೆಹಿಡಿಯಲಾಯಿತು.

ಕರಾರು ಮುಗಿದ ಮೇಲೆ ಏನಾಗುತ್ತದೆ?

ವಿಷಯದ ಗಂಟು ಇರುವುದು ಇಲ್ಲಿ. ಬಾಡಿಗೆದಾರನನ್ನು ಕರಾರಿನ ನಡುವೆ ಮನೆಯಿಂದ ಹೊರಹಾಕಬೇಕಾದರೆ ಮಾಲೀಕ ಕಾರಣ ಕೊಡಬೇಕಾಗುತ್ತದೆ. ಕರಾರಿನ ಅವಧಿ ಮುಗಿದ ಮೇಲೆ ಅದನ್ನು ನವೀಕರಿಸದಿರಲು ಮಾತ್ರ ಕಾರಣವೇ ಬೇಕಿಲ್ಲ. ಆಟಗಾರನ ಸ್ಥಿತಿಯೂ ಹಾಗೆಯೇ. ಋತುವಿನ ಮಧ್ಯದಲ್ಲಿ ಅವನನ್ನು ಪ್ರತಿಭಟನೆಗಾಗಿ ಕಿತ್ತುಹಾಕಿದರೆ ದೂರು, ಮೇಲ್ಮನವಿ, ಸುದ್ದಿ ಎಲ್ಲವೂ ಹುಟ್ಟುತ್ತವೆ. ಋತು ಮುಗಿದ ಮೇಲೆ ಕರೆ ಮಾಡದಿದ್ದರೆ ಏನೂ ಹುಟ್ಟುವುದಿಲ್ಲ.

ಎನ್‌ಎಫ್‌ಎಲ್‌ನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿನ ಬಹುತೇಕ ಕರಾರುಗಳಲ್ಲಿ ಪೂರ್ತಿ ಹಣಕ್ಕೆ ಖಾತರಿ ಇರುವುದಿಲ್ಲ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದೊಡನೆ ಕೇಪರ್ನಿಕ್ ಮಾಡಿಕೊಂಡದ್ದು ಆರು ವರ್ಷಗಳ, ಗರಿಷ್ಠ 12.6 ಕೋಟಿ ಡಾಲರ್‌ಗಳ ಕರಾರು ಎಂದು ದೊಡ್ಡ ಸುದ್ದಿಯಾಗಿತ್ತು. ಅದು ಉಳಿದದ್ದು ಮೂರು ಋತುಗಳ ಕಾಲ. 2017ರ ಮಾರ್ಚ್‌ನಲ್ಲಿ ಕರಾರಿನಿಂದ ಹೊರಬರುವ ಆಯ್ಕೆಯನ್ನು ಅವರೇ ಬಳಸಿಕೊಂಡರು. ಅವರು ಹೊರಬರದಿದ್ದರೂ ತಾವು ಅವರನ್ನು ಬಿಟ್ಟುಕೊಡುತ್ತಿದ್ದೆವು ಎಂದು ತಂಡದ ಆಡಳಿತ ಸ್ಪಷ್ಟಪಡಿಸಿತ್ತು. ಎನ್‌ಬಿಎಯಲ್ಲಿ ಕರಾರಿನ ಹಣ ಬಹುಮಟ್ಟಿಗೆ ಖಾತರಿಯಾಗಿರುತ್ತದೆ, ತಂಡ ಚಿಕ್ಕದು, ಒಬ್ಬ ತಾರೆಯ ಬೆಲೆ ದೊಡ್ಡದು. ಬ್ಯಾಸ್ಕೆಟ್‌ಬಾಲ್ ಆಟಗಾರರು ಫುಟ್‌ಬಾಲ್ ಆಟಗಾರರಿಗಿಂತ ಧೈರ್ಯವಾಗಿ ಮಾತನಾಡುವಂತೆ ಕಂಡರೆ, ಅದಕ್ಕೆ ಸ್ವಭಾವಕ್ಕಿಂತ ಈ ವ್ಯವಸ್ಥೆಯೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ.

ಕೇಪರ್ನಿಕ್ ಅವರಿಗೆ ಕರೆ ಬಾರದಿದ್ದುದು ಪ್ರತಿಭಟನೆಯಿಂದಲೋ ಆಟದ ಮಟ್ಟದಿಂದಲೋ? ಎರಡೂ ಕಡೆಯವರಿಗೆ ಆಧಾರಗಳಿದ್ದವು. 2016ರ ಋತುವಿನಲ್ಲಿ ತಂಡ 16 ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನು, ಕೇಪರ್ನಿಕ್ ಆರಂಭಿಕ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಆಗಿ ಆಡಿದ 11 ಪಂದ್ಯಗಳಲ್ಲಿ ಗೆಲುವು ಒಂದೇ. ಆದರೆ ಅದೇ ಋತುವಿನಲ್ಲಿ ಅವರು ಅಂಕ ತಂದ 16 ಟಚ್‌ಡೌನ್ ಪಾಸ್‌ಗಳನ್ನು ಎಸೆದಿದ್ದರು, ಎದುರಾಳಿಗಳ ಕೈಗೆ ಸಿಕ್ಕ ಎಸೆತಗಳು ನಾಲ್ಕು ಮಾತ್ರ. ಅದಕ್ಕಿಂತ ನಾಲ್ಕು ವರ್ಷ ಮೊದಲಿನ ಋತುವಿನಲ್ಲಿ ತಂಡವನ್ನು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಒಯ್ದವರೂ ಅವರೇ. ಲೀಗ್‌ನ 32 ತಂಡಗಳಲ್ಲಿ ಒಂದಕ್ಕೂ ಮೀಸಲು ಆಟಗಾರನಾಗಿಯಾದರೂ ಅವರು ಬೇಕಾಗಲಿಲ್ಲವೇ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ.

2017ರ ಅಕ್ಟೋಬರ್‌ನಲ್ಲಿ ಅವರು ತಂಡಗಳ ಒಳಒಪ್ಪಂದದ ವಿರುದ್ಧ ದೂರು ಸಲ್ಲಿಸಿದರು. ಬೀದಿಯೊಂದರ ಒಬ್ಬೊಬ್ಬ ಮಾಲೀಕನೂ ತನ್ನಷ್ಟಕ್ಕೆ ಯೋಚಿಸಿ ಒಬ್ಬ ಬಾಡಿಗೆದಾರನನ್ನು ಬೇಡವೆಂದರೆ ಅದು ಅವರವರ ತೀರ್ಮಾನ. ಎಲ್ಲರೂ ಸೇರಿ ಮಾತಾಡಿಕೊಂಡು ಇವನಿಗೆ ಮನೆ ಕೊಡಬಾರದೆಂದು ನಿರ್ಧರಿಸಿದರೆ ಅದು ಒಳಒಪ್ಪಂದ. ಎನ್‌ಎಫ್‌ಎಲ್‌ನ ಸಾಮೂಹಿಕ ಒಪ್ಪಂದ ಎರಡನೆಯದನ್ನು ನಿಷೇಧಿಸುತ್ತದೆ, ಮೊದಲನೆಯದನ್ನು ನಿಷೇಧಿಸುವುದಿಲ್ಲ. ಯಾವ ತಂಡವೂ ಆಟಗಾರನನ್ನು ಕರೆಯಲಿಲ್ಲ ಎಂಬುದಷ್ಟೇ ಒಳಒಪ್ಪಂದಕ್ಕೆ ಸಾಕ್ಷಿಯಾಗದು ಎಂದೂ ಅದರಲ್ಲಿದೆ. ಎಂದರೆ 32 ಮಾಲೀಕರೂ ಒಬ್ಬರಿಗೊಬ್ಬರು ಒಂದು ಮಾತೂ ಆಡದೆ, ಒಂದೇ ಭಯದಿಂದ ಒಂದೇ ತೀರ್ಮಾನಕ್ಕೆ ಬಂದಿದ್ದರೆ, ಆಟಗಾರನ ವೃತ್ತಿ ಮುಗಿದರೂ ನಿಯಮ ಮುರಿದಂತಾಗುವುದಿಲ್ಲ.

ದೂರನ್ನು ವಜಾಗೊಳಿಸಬೇಕೆಂಬ ಲೀಗ್‌ನ ಬೇಡಿಕೆಯನ್ನು ಮಧ್ಯಸ್ಥಗಾರರು 2018ರ ಆಗಸ್ಟ್‌ನಲ್ಲಿ ತಳ್ಳಿಹಾಕಿದರು. ಪೂರ್ಣ ವಿಚಾರಣೆ ನಡೆದು ತೀರ್ಪು ಬರುವ ಮೊದಲೇ, 2019ರ ಫೆಬ್ರವರಿಯಲ್ಲಿ, ಎರಡೂ ಕಡೆಯವರು ರಾಜಿ ಮಾಡಿಕೊಂಡರು. ರಾಜಿಯ ವಿವರ ಗೋಪ್ಯವಾಗಿದೆ. ಕೇಪರ್ನಿಕ್ ಅವರ ಪಕ್ಕದಲ್ಲಿ ಮಂಡಿಯೂರಿ, ತಾವೂ ದೂರು ನೀಡಿದ್ದ ಎರಿಕ್ ರೀಡ್ ಅವರಿಗೆ 2018ರ ಸೆಪ್ಟೆಂಬರ್‌ನಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್ ತಂಡ ಅವಕಾಶ ಕೊಟ್ಟಿತು. ಹಾಗಾಗಿ ಪ್ರತಿಭಟಿಸಿದವರಿಗೆಲ್ಲ ಬಾಗಿಲು ಮುಚ್ಚಿತ್ತು ಎಂದು ಹೇಳಲಾಗದು. ಮೊದಲು ಎದ್ದುಕಂಡವನ ಮೇಲೆ ಭಾರ ಹೆಚ್ಚು ಬಿತ್ತು ಎನ್ನಬಹುದು.

ಅಬ್ದುಲ್ ರವೂಫ್ ಅವರ ವೃತ್ತಿಯಲ್ಲೂ ಇದೇ ಕ್ರಮವನ್ನು ಕಾಣಬಹುದು. ಅವರು ಅಮಾನತಿನಿಂದ ಕಳೆದುಕೊಂಡದ್ದು ಒಂದೇ ಪಂದ್ಯ. ಗೀತೆಯ ವೇಳೆ ನಿಂತು, ತಲೆತಗ್ಗಿಸಿ ಪ್ರಾರ್ಥಿಸಬಹುದೆಂಬ ಹೊಂದಾಣಿಕೆಯೊಂದಿಗೆ ಅವರು ಮರಳಿದರು. ಆದರೆ ಪ್ರತಿ ಪಂದ್ಯಕ್ಕೆ ಸರಾಸರಿ 19ಕ್ಕಿಂತ ಹೆಚ್ಚು ಅಂಕ ಗಳಿಸುತ್ತಿದ್ದ ಅವರನ್ನು ಅದೇ ವರ್ಷ ಸ್ಯಾಕ್ರಮೆಂಟೊ ತಂಡಕ್ಕೆ ಕಳುಹಿಸಲಾಯಿತು. ಅಲ್ಲಿ ಆಡುವ ಸಮಯ ಕಡಿಮೆಯಾಯಿತು, 1998ರಲ್ಲಿ 29ನೆಯ ವಯಸ್ಸಿಗೆ ಅವರು ಎನ್‌ಬಿಎಯಿಂದ ಹೊರಗಿದ್ದರು. 2000–01ರಲ್ಲಿ ವ್ಯಾಂಕೂವರ್ ತಂಡದ ಪರ ಆಡಿದ ಒಂದು ಋತುವೇ ಅಲ್ಲಿ ಕೊನೆಯದು. ದಾಖಲೆಯಲ್ಲಿರುವ ಶಿಕ್ಷೆ ಒಂದು ಪಂದ್ಯದ್ದು. ವೃತ್ತಿಯ ಇಳಿತಕ್ಕೆ ಯಾವ ಆದೇಶವೂ ಇಲ್ಲ.

ಸರ್ಕಾರವೇ ಎದುರು ನಿಂತಾಗ

ಇನ್ನೊಂದು ಬಗೆಯ ಪೆಟ್ಟು ನೇರವಾಗಿ ಪ್ರಭುತ್ವದಿಂದ ಬರುತ್ತದೆ. ಹೆವಿವೇಟ್ ಚಾಂಪಿಯನ್ ಮುಹಮ್ಮದ್ ಅಲಿ 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ, ವಿಯೆಟ್ನಾಂ ಯುದ್ಧದ ಕಾಲದ ಸೇನಾ ಭರ್ತಿಗೆ ನಿರಾಕರಿಸಿದರು. ಬಾಕ್ಸಿಂಗ್ ಆಯೋಗಗಳು ಅವರ ಪರವಾನಗಿಯನ್ನೂ ಪದವಿಯನ್ನೂ ಕಸಿದುಕೊಂಡವು. ಜೂನ್‌ನಲ್ಲಿ ನ್ಯಾಯಾಲಯ ಐದು ವರ್ಷಗಳ ಸೆರೆವಾಸ ಮತ್ತು 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿ ಬಾಕಿಯಿದ್ದುದರಿಂದ ಅವರು ಸೆರೆಮನೆಗೆ ಹೋಗಲಿಲ್ಲ, ಆದರೆ ರಿಂಗ್‌ಗೂ ಇಳಿಯುವಂತಿರಲಿಲ್ಲ. 1970ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ಜೆರಿ ಕ್ವಾರಿ ವಿರುದ್ಧ ಮತ್ತೆ ಆಡುವ ಹೊತ್ತಿಗೆ ಮೂರೂವರೆ ವರ್ಷಗಳು ಹೋಗಿದ್ದವು. 1971ರ ಜೂನ್ 28ರಂದು ಸುಪ್ರೀಂ ಕೋರ್ಟ್ 8–0 ಮತಗಳಿಂದ ಅವರ ಶಿಕ್ಷೆಯನ್ನು ರದ್ದುಪಡಿಸಿತು.

ಈ ತೀರ್ಪು ಅವರ ಹೆಸರಿಗೆ ಅಂಟಿದ್ದ ಅಪರಾಧವನ್ನು ತೆಗೆಯಿತು. 25ರಿಂದ 28ರವರೆಗಿನ ವಯಸ್ಸನ್ನು ಹಿಂದಿರುಗಿಸಲಿಲ್ಲ. ವಕೀಲನೋ ಶಿಕ್ಷಕನೋ ನಾಲ್ಕು ವರ್ಷ ತಡವಾಗಿ ನ್ಯಾಯ ಪಡೆದರೆ ಉಳಿದ ಮೂವತ್ತು ವರ್ಷ ದುಡಿಯಬಲ್ಲ. ದೇಹವನ್ನೇ ನಂಬಿದ ವೃತ್ತಿಯಲ್ಲಿ ಹಾಗಲ್ಲ. ಗೆಲ್ಲುವ ಮೊಕದ್ದಮೆಯಾದರೂ ಅದು ಮುಗಿಯುವಷ್ಟರಲ್ಲಿ ಆಟದ ವಯಸ್ಸು ಮುಗಿದಿರುತ್ತದೆ. ರಾಜಿಯಲ್ಲಿ ಹಣ ಪಡೆದ ಆಟಗಾರನಿಗೂ ಈ ನಷ್ಟ ತುಂಬುವುದಿಲ್ಲ ಎಂಬುದನ್ನು ಈ ಚರ್ಚೆಗಳಲ್ಲಿ ನಾವು ಸುಲಭವಾಗಿ ಮರೆಯುತ್ತೇವೆ.

ಜೆಕೊಸ್ಲೊವಾಕಿಯಾದ ಜಿಮ್ನಾಸ್ಟ್ ವೆರಾ ಚಾಸ್ಲಾವ್ಸ್ಕಾ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ, ಎರಡು ಬೆಳ್ಳಿ ಗೆದ್ದರು. ಕೆಲವೇ ವಾರಗಳ ಹಿಂದೆ ಅವರ ದೇಶದೊಳಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದವು. ಪದಕ ವೇದಿಕೆಯ ಮೇಲೆ ಸೋವಿಯತ್ ಗೀತೆ ಮೊಳಗಿದಾಗ ಅವರು ತಲೆ ತಗ್ಗಿಸಿ ಮುಖ ತಿರುಗಿಸಿದರು. ದೇಶದಲ್ಲಿ ರಾಜಕೀಯ ಸುಧಾರಣೆಗಳಾಗಬೇಕೆಂಬ ಹೇಳಿಕೆಗೆ ಅವರು ಮೊದಲೇ ಸಹಿ ಹಾಕಿದ್ದರು, ಅದನ್ನು ಹಿಂತೆಗೆದುಕೊಳ್ಳಲೂ ಒಪ್ಪಲಿಲ್ಲ. ಮುಂದಿನ ಅನೇಕ ವರ್ಷ ವಿದೇಶ ಪ್ರಯಾಣಕ್ಕೂ ತರಬೇತುದಾರರ ಕೆಲಸಕ್ಕೂ ಅವರಿಗೆ ಅಡ್ಡಿಯಿತ್ತು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಉರುಳಿದ ಮೇಲೆ ಅವರು ದೇಶದ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದರು.

ಇಥಿಯೋಪಿಯಾದ ಓಟಗಾರ ಫೆಯಿಸಾ ಲಿಲೆಸಾ 2016ರ ರಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟುವಾಗ, ತಮ್ಮ ದೇಶದ ಒರೊಮೊ ಜನಾಂಗದ ಮೇಲಿನ ದಮನವನ್ನು ವಿರೋಧಿಸಿ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡಲಾಗಿ ಎತ್ತಿ ಹಿಡಿದರು. ಮನೆಗೆ ಮರಳುವ ಧೈರ್ಯವಾಗದೆ ಅಮೆರಿಕದಲ್ಲಿ ನೆಲೆಸಿ, ದೇಶದ ನಾಯಕತ್ವ ಬದಲಾದ ಮೇಲೆ 2018ರ ಅಕ್ಟೋಬರ್‌ನಲ್ಲಿ ಹಿಂದಿರುಗಿದರು. ಇಂಥ ಪ್ರಸಂಗಗಳಲ್ಲಿ ಆಟಗಾರನ ಭವಿಷ್ಯ ಕ್ರೀಡಾ ನಿಯಮಗಳಿಗಿಂತ ಸರ್ಕಾರದ ಬದಲಾವಣೆಗೆ ಕಟ್ಟುಬಿದ್ದಿರುತ್ತದೆ.

ಒಲಿಂಪಿಕ್ ವೇದಿಕೆಯ ನಿಯಮ

ಒಲಿಂಪಿಕ್ ಸನ್ನದಿನ 50ನೆಯ ನಿಯಮವು ಕ್ರೀಡಾಕೂಟದ ಸ್ಥಳಗಳಲ್ಲಿ ರಾಜಕೀಯ, ಧಾರ್ಮಿಕ ಅಥವಾ ಜನಾಂಗೀಯ ಪ್ರಚಾರವನ್ನೂ ಪ್ರದರ್ಶನವನ್ನೂ ನಿಷೇಧಿಸುತ್ತದೆ. ಸಂಘಟಕರ ವಾದ ಹೀಗಿದೆ: ಒಂದಕ್ಕೊಂದು ವೈರಿಗಳಾದ ದೇಶಗಳೂ ಬರುವ ಕೂಟದಲ್ಲಿ ಒಬ್ಬರಿಗೆ ವೇದಿಕೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ, ಆಗ ಆಟ ಹಿಂದೆ ಸರಿಯುತ್ತದೆ. ಗೀತೆ, ಧ್ವಜ, ದೇಶವಾರು ಪದಕಪಟ್ಟಿ ಇರುವ ಕೂಟ ಮೊದಲೇ ರಾಜಕೀಯವಾಗಿದೆ ಎಂಬುದು ವಿರೋಧಿಸುವವರ ಉತ್ತರ.

1968ರ ಅಕ್ಟೋಬರ್ 16ರಂದು ಮೆಕ್ಸಿಕೊದಲ್ಲಿ 200 ಮೀಟರ್ ಓಟವನ್ನು 19.83 ಸೆಕೆಂಡುಗಳಲ್ಲಿ ಗೆದ್ದ ಟಾಮಿ ಸ್ಮಿತ್ ಮತ್ತು ಕಂಚು ಪಡೆದ ಜಾನ್ ಕಾರ್ಲೋಸ್, ಅಮೆರಿಕದ ಗೀತೆಯ ವೇಳೆ ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಎತ್ತಿದರು. ಕಾಲಲ್ಲಿ ಬೂಟುಗಳಿರಲಿಲ್ಲ, ಕಪ್ಪು ಕಾಲುಚೀಲಗಳಷ್ಟೇ ಇದ್ದವು. ಅದು ಕಪ್ಪು ಜನರ ಬಡತನದ ಸೂಚನೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಒತ್ತಡಕ್ಕೆ ಮಣಿದ ಅಮೆರಿಕದ ಒಲಿಂಪಿಕ್ ಸಮಿತಿ ಇಬ್ಬರನ್ನೂ ತಂಡದಿಂದ ಅಮಾನತು ಮಾಡಿ ಕ್ರೀಡಾಗ್ರಾಮದಿಂದ ಹೊರಕಳಿಸಿತು. ಅವರಿಬ್ಬರೂ ಮುಂದೆ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ. 2019ರಲ್ಲಿ ಅಮೆರಿಕದ ಒಲಿಂಪಿಕ್ ಗೌರವ ಪಟ್ಟಿಗೆ ಅವರನ್ನು ಸೇರಿಸಲಾಯಿತು, ಅದಕ್ಕೆ 51 ವರ್ಷ ಹಿಡಿಯಿತು.

ಬೆಳ್ಳಿ ಗೆದ್ದಿದ್ದ ಆಸ್ಟ್ರೇಲಿಯಾದ ಬಿಳಿಯ ಓಟಗಾರ ಪೀಟರ್ ನಾರ್ಮನ್ ಅವರ ಪ್ರಕರಣ ನನ್ನ ದೃಷ್ಟಿಯಲ್ಲಿ ಇನ್ನೂ ಹೆಚ್ಚು ಕಲಿಸುವಂಥದು. ಅವರು ಮುಷ್ಟಿ ಎತ್ತಲಿಲ್ಲ. ಮಾನವ ಹಕ್ಕುಗಳ ಚಳವಳಿಯ ಬಿಲ್ಲೆಯೊಂದನ್ನು ಎದೆಯ ಮೇಲೆ ಧರಿಸಿ ನಿಂತರು, ಅಷ್ಟೇ. ಅಂದು ಅವರು ಓಡಿದ 20.06 ಸೆಕೆಂಡುಗಳ ಸಮಯ 2024ರ ಡಿಸೆಂಬರ್‌ವರೆಗೂ ಆಸ್ಟ್ರೇಲಿಯಾದ ದಾಖಲೆಯಾಗಿತ್ತು. ಆದರೂ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅವರನ್ನು ಕಳುಹಿಸಲಿಲ್ಲ. ಅರ್ಹತಾ ಮಟ್ಟವನ್ನು ಅವರು ಮತ್ತೆ ಮತ್ತೆ ಮುಟ್ಟಿದ್ದರು ಎಂಬುದು ಒಂದು ವಾದ. ಆ ವರ್ಷದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೂರನೆಯವರಾದುದೇ ಕಾರಣ, ಅದು ಶಿಕ್ಷೆಯಲ್ಲ ಎಂಬುದು ಆಸ್ಟ್ರೇಲಿಯಾ ಒಲಿಂಪಿಕ್ ಸಮಿತಿಯ ನಿಲುವು. ಅವರು 2006ರಲ್ಲಿ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಇದ್ದರು. 2012ರಲ್ಲಿ ಆಸ್ಟ್ರೇಲಿಯಾದ ಸಂಸತ್ತು ಅವರ ಕ್ಷಮೆ ಕೇಳಿತು. ಆಯ್ಕೆಗಾರರ ಮನಸ್ಸಿನಲ್ಲಿದ್ದುದು ಏನೆಂದು ಯಾವ ಕಾಗದವೂ ಹೇಳದಿದ್ದಾಗ, ಐದು ದಶಕಗಳ ಬಳಿಕವೂ ವಾದ ಮುಗಿಯದು.

2021ರ ಜುಲೈನಲ್ಲಿ, ಟೋಕಿಯೊ ಕೂಟಕ್ಕೆ ಮುನ್ನ, 50ನೆಯ ನಿಯಮ ಸ್ವಲ್ಪ ಸಡಿಲವಾಯಿತು. ಸ್ಪರ್ಧೆ ಆರಂಭವಾಗುವ ಮೊದಲು ಮೈದಾನದಲ್ಲಿ ಅಭಿಪ್ರಾಯ ಸೂಚಿಸಬಹುದು. ಸ್ಪರ್ಧೆಯ ನಡುವೆ ಮತ್ತು ಪದಕ ವೇದಿಕೆಯ ಮೇಲೆ ಕೂಡದು. 2024ರ ಪ್ಯಾರಿಸ್ ಕೂಟದಲ್ಲಿ ನಿರಾಶ್ರಿತರ ತಂಡದ ಬ್ರೇಕಿಂಗ್ ನೃತ್ಯಪಟು ಮನಿಝಾ ತಲಾಶ್, ಆಫ್ಘನ್ ಮಹಿಳೆಯರನ್ನು ಬಿಡುಗಡೆ ಮಾಡಿ ಎಂಬ ಅರ್ಥದ ಬರಹವಿದ್ದ ಮೇಲುವಸ್ತ್ರವನ್ನು ಸ್ಪರ್ಧೆಯ ನಡುವೆ ಬಿಚ್ಚಿ ತೋರಿಸಿ ಅನರ್ಹರಾದರು.

ಒಂದೇ ಪ್ರತಿಭಟನೆ, ಎರಡು ಬದುಕು

2003ರ ಫೆಬ್ರವರಿ 10ರಂದು ಹರಾರೆಯಲ್ಲಿ ನಮೀಬಿಯಾ ವಿರುದ್ಧದ ವಿಶ್ವಕಪ್ ಪಂದ್ಯದಲ್ಲಿ ಜಿಂಬಾಬ್ವೆಯ ಆಂಡಿ ಫ್ಲವರ್ ಮತ್ತು ಹೆನ್ರಿ ಒಲಾಂಗಾ ಕಪ್ಪು ಪಟ್ಟಿ ಧರಿಸಿ ಆಡಿದರು. ತಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಸತ್ತದ್ದಕ್ಕೆ ಇದು ಶೋಕ ಎಂದು ಜಂಟಿ ಹೇಳಿಕೆ ಕೊಟ್ಟರು. ಇಬ್ಬರೂ ದೇಶ ಬಿಟ್ಟರು, ಆ ವಿಶ್ವಕಪ್ ಬಳಿಕ ಇಬ್ಬರೂ ಜಿಂಬಾಬ್ವೆ ಪರ ಆಡಲಿಲ್ಲ. ಆದರೆ ಪರಿಣಾಮ ಇಬ್ಬರಿಗೂ ಒಂದೇ ಆಗಿರಲಿಲ್ಲ. 34 ವರ್ಷದ ಫ್ಲವರ್ ಆಗಲೇ ಜಗತ್ತಿನ ಶ್ರೇಷ್ಠ ಬ್ಯಾಟರ್‌ಗಳಲ್ಲೊಬ್ಬರು, ಅವರ ಮುಂದೆ ಎಸೆಕ್ಸ್ ಕೌಂಟಿಯ ಬಾಗಿಲು ತೆರೆದಿತ್ತು, ಮುಂದೆ ಇಂಗ್ಲೆಂಡ್ ತಂಡದ ತರಬೇತುದಾರರಾದರು. ಜಿಂಬಾಬ್ವೆ ಪರ ಆಡಿದ ಮೊದಲ ಕಪ್ಪು ವರ್ಣೀಯ ಒಲಾಂಗಾ ಅವರಿಗೆ 26 ವರ್ಷ. ವೇಗದ ಬೌಲರ್‌ನ ಒಳ್ಳೆಯ ವರ್ಷಗಳು ಇನ್ನೂ ಮುಂದಿದ್ದವು, ಅವು ದೇಶಭ್ರಷ್ಟತೆಯಲ್ಲಿ ಕಳೆದುಹೋದವು. ಪ್ರತಿಭಟನೆಯ ಬೆಲೆಯನ್ನು ನಿರ್ಧರಿಸುವುದು ಕೃತ್ಯವೊಂದೇ ಅಲ್ಲ; ವಯಸ್ಸು, ಈಗಾಗಲೇ ಗಳಿಸಿದ ಹೆಸರು, ಹೊರಗೆ ಕಾಯುತ್ತಿರುವ ಕೆಲಸ ಇವೆಲ್ಲ ಸೇರಿ.

ಪ್ರಾಯೋಜಕರ ಲೆಕ್ಕ

ಜಾಹೀರಾತಿನ ಹಣ ಹೋಗುತ್ತದೆ ಎಂಬುದು ಸಾಮಾನ್ಯ ನಂಬಿಕೆ, ಆದರೆ ಅದು ಎರಡೂ ದಿಕ್ಕಿಗೆ ಹರಿಯಬಲ್ಲದು. 2018ರ ಸೆಪ್ಟೆಂಬರ್‌ನಲ್ಲಿ ನೈಕಿ ಕಂಪನಿ ಕೇಪರ್ನಿಕ್ ಅವರನ್ನೇ ಮುಂದಿಟ್ಟು ಜಾಹೀರಾತು ಪ್ರಕಟಿಸಿತು. ಕೆಲವರು ಅದರ ಬೂಟುಗಳನ್ನು ಸುಟ್ಟರು, ಷೇರು ಬೆಲೆ ಮೊದಲು ಸುಮಾರು ಶೇ 3ರಷ್ಟು ಕುಸಿಯಿತು, ಎರಡು ವಾರಗಳೊಳಗೆ ಹಿಂದೆಂದೂ ಇಲ್ಲದ ಎತ್ತರಕ್ಕೆ ಏರಿತು. ತಂಡದ ಮಾಲೀಕನಿಗೆ ಕ್ರೀಡಾಂಗಣಕ್ಕೆ ಬರುವ ಎಲ್ಲ ಬಗೆಯ ಪ್ರೇಕ್ಷಕರೂ ಬೇಕು. ಕಂಪನಿಗೆ ತನ್ನ ಬೂಟು ಕೊಳ್ಳುವ ವಯಸ್ಸಿನವರು ಒಲಿದರೆ ಸಾಕು.

ಒಬ್ಬರೇ ನಿಂತಾಗ, ಒಟ್ಟಾಗಿ ನಿಂತಾಗ

2020ರಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರಿಂದ ಹತ್ಯೆಯಾದ ಬಳಿಕ ದೃಶ್ಯ ಬದಲಾಯಿತು. ಎನ್‌ಬಿಎಯ ನಿಯಮ ಹಾಗೆಯೇ ಇದ್ದರೂ ಸಾಲುಸಾಲಾಗಿ ಮಂಡಿಯೂರಿದ ಆಟಗಾರರ ಮೇಲೆ ಅದನ್ನು ಜಾರಿಮಾಡಲಿಲ್ಲ. ಆಗಸ್ಟ್ 26ರಂದು, ಜೇಕಬ್ ಬ್ಲೇಕ್ ಎಂಬುವರ ಮೇಲೆ ಪೊಲೀಸರು ಗುಂಡು ಹಾರಿಸಿದ್ದನ್ನು ಖಂಡಿಸಿ ಮಿಲ್ವಾಕಿ ಬಕ್ಸ್ ತಂಡ ಪ್ಲೇ ಆಫ್ ಪಂದ್ಯಕ್ಕೆ ಮೈದಾನಕ್ಕೇ ಬರಲಿಲ್ಲ. ಲೀಗ್ ಆ ದಿನದ ಪಂದ್ಯಗಳನ್ನೆಲ್ಲ ಮುಂದೂಡಿತು. ಆಟಗಾರರ ಮಾತನ್ನು ಮೊದಲೇ ಕೇಳದಿದ್ದುದು ತಪ್ಪು ಎಂದು ಎನ್‌ಎಫ್‌ಎಲ್ ಆಯುಕ್ತ ರೋಜರ್ ಗುಡೆಲ್ ಜೂನ್‌ನಲ್ಲಿ ಒಪ್ಪಿಕೊಂಡಿದ್ದರು. ಗೀತೆಗೆ ನಿಲ್ಲಲೇಬೇಕೆಂದು 2017ರಲ್ಲಿ ಮಾಡಿದ್ದ ನಿಯಮವನ್ನು ಅಮೆರಿಕದ ಸಾಕರ್ ಸಂಸ್ಥೆ ಅದೇ ತಿಂಗಳು ರದ್ದುಪಡಿಸಿತು. ಗೀತೆಯ ವೇಳೆ ಮಂಡಿಯೂರಿ ಆ ನಿಯಮಕ್ಕೆ ಕಾರಣವಾಗಿದ್ದ ಸಾಕರ್ ಆಟಗಾರ್ತಿ ಮೇಗನ್ ರಪಿನೋ ಅಷ್ಟರಲ್ಲಿ 2019ರ ವಿಶ್ವಕಪ್ ಗೆದ್ದ ತಂಡದ ನಾಯಕಿಯರಲ್ಲೊಬ್ಬರಾಗಿದ್ದರು. ಒಬ್ಬ ಆಟಗಾರನ ಬದಲಿಗೆ ಇನ್ನೊಬ್ಬನನ್ನು ತರಬಹುದು, ಇಡೀ ತಂಡದ ಬದಲಿಗೆ ತರುವುದು ಸಾಧ್ಯವಿಲ್ಲ. ಆಟಗಾರರ ಸಂಘಗಳ ಬಲವಿರುವುದೂ ಇದರಲ್ಲೇ.

ಸಂಘವೇ ಇಲ್ಲದ ಕಡೆ, ಅದರಲ್ಲೂ ವೈಯಕ್ತಿಕ ಕ್ರೀಡೆಗಳಲ್ಲಿ, ಪರಿಸ್ಥಿತಿ ಬೇರೆ. ಭಾರತದಲ್ಲಿ 2023ರ ಜನವರಿಯಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪೂನಿಯಾ ಮೊದಲಾದವರು ಕುಸ್ತಿ ಫೆಡರೇಷನ್‌ನ ಅಂದಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಅಧ್ಯಕ್ಷರು ಆರೋಪಗಳನ್ನು ನಿರಾಕರಿಸಿದರು. ಇಲ್ಲಿ ಪ್ರತಿಭಟನೆ ನಡೆದದ್ದು ಆಯ್ಕೆ ಮಾಡುವ, ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಕಳುಹಿಸುವ ಸಂಸ್ಥೆಯ ವಿರುದ್ಧವೇ. ಅಧ್ಯಕ್ಷರ ಆಪ್ತರು ಚುನಾವಣೆಯಲ್ಲಿ ಗೆದ್ದ ದಿನ, 2023ರ ಡಿಸೆಂಬರ್ 21ರಂದು, ಸಾಕ್ಷಿ ಮಲಿಕ್ ಕುಸ್ತಿ ತ್ಯಜಿಸಿದರು. ವಿನೇಶ್ ಮರಳಿ ಕಣಕ್ಕಿಳಿದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಕೆ.ಜಿ. ವಿಭಾಗದ ಫೈನಲ್ ತಲುಪಿದರು, ಫೈನಲ್ ದಿನ ತೂಕ 100 ಗ್ರಾಂ ಹೆಚ್ಚಾಗಿ ಅನರ್ಹರಾದರು, ಮರುದಿನವೇ ನಿವೃತ್ತಿ ಘೋಷಿಸಿದರು. ಒಂದು ತಂಡ ಬೇಡವೆಂದರೆ ಬೇರೆ ತಂಡ ಹುಡುಕುವ ಅವಕಾಶ ಲೀಗ್ ಆಟಗಾರನಿಗೆ ಹೆಸರಿಗಾದರೂ ಇದೆ. ದೇಶಕ್ಕೊಂದೇ ಫೆಡರೇಷನ್ ಇರುವ ಕ್ರೀಡೆಯಲ್ಲಿ ಆ ಅವಕಾಶವೂ ಇಲ್ಲ.